ಬಾಟಲಿಯಿಂದ ಲೋಟಕ್ಕೆ: ಕುಡಿಸುವ ಕೈ, ಕುಡಿಯುವ ಬಾಯಿ

ಪ್ರಶ್ನೆ: ನಮ್ಮ ಮಗಳಿಗೆ ಈಗ 9 ತಿಂಗಳು. ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ಸಲ ಬಾಟಲಿಯಲ್ಲಿ ಫಾರ್ಮುಲಾ ಹಾಲು ಕುಡಿಯುತ್ತಾಳೆ, ಮೆತ್ತಗಿನ ಊಟವನ್ನೂ ಚೆನ್ನಾಗಿಯೇ ಮಾಡುತ್ತಾಳೆ. ಒಂದು ತಿಂಗಳಿಂದ ಲೋಟದಲ್ಲಿ ನೀರು ಕುಡಿಸಲು ನೋಡುತ್ತಿದ್ದೇನೆ. ಅಂಚನ್ನು ಕಚ್ಚಿ ಹಿಡಿಯುತ್ತಾಳೆ, ಇಲ್ಲವೇ ನಾಲಿಗೆ ಚಾಚುತ್ತಾಳೆ. ಮುಕ್ಕಾಲು ಪಾಲು ನೀರು ಗಲ್ಲದ ಮೇಲೆ ಇಳಿದುಹೋಗುತ್ತದೆ, ಉಳಿದದ್ದು ಆಗಾಗ ನೆತ್ತಿಗೆ ಹತ್ತಿ ಕೆಮ್ಮುತ್ತಾಳೆ. ಬಾಟಲಿಯಲ್ಲಿ ಕುಡಿಯುವಾಗ ಈ ಕೆಮ್ಮು ಇಲ್ಲ. ಚೆಲ್ಲುವುದಿಲ್ಲವೆಂದು ವಾಲ್ವ್ ಇರುವ ಸಿಪ್ಪರ್ ತಂದೆವು, ಅದನ್ನೂ ಬಾಟಲಿಯಂತೆಯೇ ಚೀಪುತ್ತಾಳೆ. ಅವಳಿಗೆ ನುಂಗುವುದರಲ್ಲಿ ಏನಾದರೂ ತೊಂದರೆ ಇದೆಯೇ? ಸಿಪ್ಪರ್‌ನಲ್ಲೇ ಮುಂದುವರಿಸಬಹುದೇ? ಬಾಟಲಿಯನ್ನು ಯಾವಾಗ, ಹೇಗೆ ಬಿಡಿಸಬೇಕು?

ಉತ್ತರ: ಮೊದಲು ನಿಮ್ಮ ಆತಂಕದ ವಿಷಯ. ಎದೆಹಾಲನ್ನೂ ಬಾಟಲಿಯ ಹಾಲನ್ನೂ ಕೆಮ್ಮದೆ ಕುಡಿಯುವ, ಮೆತ್ತಗಿನ ಊಟವನ್ನು ಸರಾಗವಾಗಿ ನುಂಗುವ ಮಗುವಿಗೆ ಲೋಟದ ನೀರು ಮಾತ್ರ ನೆತ್ತಿಗೆ ಹತ್ತುತ್ತಿದ್ದರೆ, ಅದು ಬಹುಮಟ್ಟಿಗೆ ಗಂಟಲಿನ ದೋಷವಲ್ಲ, ನೀರು ಬಾಯಿಗೆ ಬಂದು ಬೀಳುತ್ತಿರುವ ವೇಗದ ದೋಷ. ಅಂಚು ಕಚ್ಚುವುದು, ನಾಲಿಗೆ ಚಾಚುವುದು, ಗಲ್ಲದ ಮೇಲೆ ಸುರಿಸಿಕೊಳ್ಳುವುದು, ಇವೆಲ್ಲ ಈ ವಯಸ್ಸಿನಲ್ಲಿ ಲೋಟ ಹಿಡಿದು ಕಲಿಯುವ ಮಕ್ಕಳಲ್ಲಿ ದಿನವೂ ಕಾಣುವಂಥವೇ. ನಿಮ್ಮ ಪ್ರಶ್ನೆಯಲ್ಲಿ ‘ಕುಡಿಸಲು ನೋಡುತ್ತಿದ್ದೇನೆ’ ಎಂಬ ಮಾತಿದೆ. ಬೇಸರಿಸಿಕೊಳ್ಳುವುದಿಲ್ಲವೆಂದಾದರೆ ಹೇಳುತ್ತೇನೆ, ತೊಡಕಿನ ಹೆಚ್ಚಿನ ಪಾಲು ಆ ‘ಕುಡಿಸು’ವುದರಲ್ಲೇ ಇದೆ. ಲೋಟದಲ್ಲಿ ಮಗುವೇ ಕುಡಿಯಬೇಕು, ನಾವು ಲೋಟವನ್ನು ಹಿಡಿದುಕೊಂಡಿರಬೇಕು, ಅಷ್ಟೆ.

ಹೀಗೇಕೆ ಎಂದು ತಿಳಿಯಲು ಬಾಯಿಯೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಚೀಪುವಾಗ ಮಗುವಿನ ತುಟಿಗಳು ಮೊಲೆತೊಟ್ಟನ್ನೋ ನಿಪ್ಪಲನ್ನೋ ಸುತ್ತಿ ಹಿಡಿದಿರುತ್ತವೆ. ನಾಲಿಗೆ ಅದರ ಕೆಳಗಿನಿಂದ ಅಲೆ ಎದ್ದಂತೆ ಹಿಂದಕ್ಕೆ ಒತ್ತುತ್ತದೆ. ದವಡೆ ಕೆಳಗಿಳಿದಾಗ ಹುಟ್ಟುವ ಎಳೆತಕ್ಕೆ ಹಾಲು ನಾಲಿಗೆಯ ಹಿಂಭಾಗಕ್ಕೇ ಬಂದು ಸೇರುತ್ತದೆ. ಸಾಕೆನಿಸಿದಾಗ ಚೀಪುವುದನ್ನು ನಿಲ್ಲಿಸಿ, ಉಸಿರಾಡಿಕೊಂಡು, ಮತ್ತೆ ಶುರುಮಾಡುವ ಅಧಿಕಾರವೂ ಹೆಚ್ಚುಕಡಿಮೆ ಮಗುವಿನದೇ. ಲೋಟದ ನೀರಾದರೋ ತುಟಿಯ ಹೊರಗೆ ಬಂದು ನಿಲ್ಲುತ್ತದೆ. ಮೇಲ್ದುಟಿ ಇಳಿದು ಅದನ್ನು ಮುಟ್ಟಬೇಕು, ಒಂದಿಷ್ಟನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಬೇಕು, ನಾಲಿಗೆ ಅದನ್ನೆಲ್ಲ ಒಂದೆಡೆ ಕೂಡಿಸಿಕೊಂಡು ಹಿಂದಕ್ಕೆ ಸಾಗಿಸಬೇಕು, ಅದು ಗಂಟಲು ತಲುಪುವ ಹೊತ್ತಿಗೆ ಸರಿಯಾಗಿ ಉಸಿರು ತಡೆದು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ನಾವು ಯೋಚಿಸದೆ ಮಾಡುವ ಈ ಕೆಲಸವನ್ನು ನಿಮ್ಮ ಮಗಳು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದಾಳೆ. ಅನ್ನದ ಗಂಜಿಯಷ್ಟು ಗಟ್ಟಿಯಾದದ್ದಾದರೆ ನಾಲಿಗೆಯ ಮೇಲೆ ಕೊಂಚ ಹೊತ್ತು ಕಾಯುತ್ತದೆ, ನೀರು ಕಾಯುವುದಿಲ್ಲ. ಮೇಲ್ದುಟಿ ಇಳಿಯುವ ಮೊದಲೇ ನಮ್ಮ ಕೈ ಲೋಟವನ್ನು ಓರೆ ಮಾಡಿದರೆ, ಉಸಿರು ಒಳಗೆಳೆದುಕೊಳ್ಳುತ್ತಿರುವ ಬಾಯಿಗೆ ನೀರು ಸುರಿಯುತ್ತದೆ. ಕೆಮ್ಮು ಬರುವುದು ಅಲ್ಲಿಯೇ.

ಅಂಚು ಕಚ್ಚುವುದನ್ನು ಹಠವೆಂದು ಎಣಿಸಬೇಡಿ. ಬಾಯಿಯನ್ನು ಬೇಕಾದಷ್ಟೇ ತೆರೆದು ದವಡೆಯನ್ನು ಅಲುಗದಂತೆ ನಿಲ್ಲಿಸಿಕೊಳ್ಳುವ ಹಿಡಿತ ಈ ವಯಸ್ಸಿನಲ್ಲಿ ಇನ್ನೂ ಬಂದಿರುವುದಿಲ್ಲವಾದ್ದರಿಂದ, ಮಗು ಲೋಟದ ಅಂಚನ್ನೇ ಊರುಗೋಲಿನಂತೆ ಕಚ್ಚಿ ದವಡೆಯನ್ನು ನಿಲ್ಲಿಸಿಕೊಳ್ಳುತ್ತದೆ. ಎರಡು ವರ್ಷದ ಆಸುಪಾಸಿನವರೆಗೂ ಅನೇಕ ಮಕ್ಕಳು ಹೀಗೆ ಮಾಡುವುದುಂಟು. ಕಚ್ಚಿದರೆ ಒಡೆಯುವ ಗಾಜು, ಬಿರುಕುಬಿಡುವ ತೆಳು ಪ್ಲಾಸ್ಟಿಕ್, ಇವನ್ನು ದೂರವಿಟ್ಟರೆ ಸಾಕು. ಅಂಚಿನ ಕೆಳಗೆ ನಾಲಿಗೆ ಚಾಚುವುದು ಚೀಪುವ ಅಭ್ಯಾಸದ ಮುಂದುವರಿಕೆ. ತುಟಿಗಳು ಕೆಲಸ ಕಲಿತಂತೆ ನಾಲಿಗೆ ತಾನಾಗಿ ಒಳಗೆ ನಿಲ್ಲುತ್ತದೆ, ಅದನ್ನು ಬೆರಳಿನಿಂದ ಒಳಗೆ ತಳ್ಳಬಾರದು.

ನನ್ನ ಬಳಿಗೆ ಬರುವ ತಂದೆತಾಯಿಯರಿಗೆ ನಾನು ಒಂದು ಸಣ್ಣ ಪರೀಕ್ಷೆ ಒಡ್ಡುವುದುಂಟು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಲೋಟದ ನೀರನ್ನು ಇನ್ನೊಬ್ಬರಿಂದ ಕುಡಿಸಿಕೊಳ್ಳಿ. ಎರಡನೆಯ ಗುಟುಕಿಗೇ ನಿಮ್ಮ ಕತ್ತು ಬಿಗಿಯುತ್ತದೆ, ಕಣ್ಣು ಲೋಟದ ಮೇಲೆ ನೆಡುತ್ತದೆ, ಅವರು ಇನ್ನೆಷ್ಟು ಓರೆ ಮಾಡುತ್ತಾರೋ ಎಂಬ ಸಣ್ಣ ಭಯದಲ್ಲಿ ತುಟಿ ಬಿಗಿಹಿಡಿಯುತ್ತೀರಿ. ಅಂಗಿಯ ಮೇಲೆ ನಾಲ್ಕು ಹನಿಯಾದರೂ ಬೀಳುತ್ತದೆ. ಹೀಗೆ ಕುಡಿಸಿಕೊಂಡ ತಂದೆಯೊಬ್ಬರು ಕೆಮ್ಮು ನಿಂತ ಮೇಲೆ ಹೆಂಡತಿಯ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅವರಿಗೆ ಆಮೇಲೆ ನಾನು ವಿವರಿಸಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಲೋಟ ಎಷ್ಟನೆಯ ತಿಂಗಳಿಗೆ ಸರಿ ಎಂಬ ಚರ್ಚೆಯಲ್ಲೂ ಮುಖ್ಯವಾದದ್ದು ಈ ಸುರಿಯುವ ವಿಚಾರವೇ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ, ಮೊಲೆ ಹಿಡಿದು ಚೀಪಲಾರದ ನವಜಾತ ಶಿಶುಗಳಿಗೆ ತಾಯಿಯ ಹಾಲನ್ನು ಪುಟ್ಟ ಲೋಟದಲ್ಲಿ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಕೂಸನ್ನು ನೆಟ್ಟಗೆ ಆನಿಸಿಕೊಂಡು, ಹಾಲು ತುಟಿಗೆ ತಾಕುವಷ್ಟು ಮಾತ್ರ ಲೋಟ ಬಾಗಿಸಿ ಹಿಡಿದರೆ, ಅದು ಬೆಕ್ಕಿನ ಮರಿಯಂತೆ ನಾಲಿಗೆಯಿಂದ ನೆಕ್ಕಿ ನೆಕ್ಕಿ ಕುಡಿಯುತ್ತದೆ. ಅಲ್ಲಿ ದಾದಿಯರಿಗೆ ಕಲಿಸುವ ಮೊದಲ ಪಾಠ, ಹಾಲನ್ನು ಬಾಯಿಗೆ ಸುರಿಯಬೇಡಿ ಎಂಬುದು. ಆರೋಗ್ಯವಾಗಿರುವ, ಅವಧಿ ತುಂಬಿ ಹುಟ್ಟಿದ ಮಕ್ಕಳಿಗೆ ಸುಮಾರು 6 ತಿಂಗಳಲ್ಲಿ, ಮೇಲಿನ ಊಟ ಶುರುವಾಗುವಾಗಲೇ ಲೋಟವನ್ನೂ ಪರಿಚಯಿಸಬಹುದು. ನಿಮ್ಮ ಮಗಳಿಗೆ ತಡವಾಗಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿ, ದೊಡ್ಡವರು ಹಿಡಿದ ಮುಚ್ಚಳವಿಲ್ಲದ ಲೋಟದಿಂದ ಕುಡಿಯುವುದು 12 ತಿಂಗಳ ಸಾಲಿನಲ್ಲಿದೆ. ಆಗಾಗ ಚೆಲ್ಲಿಕೊಂಡರೂ ತಾನೇ ಕುಡಿಯುವುದು 18 ತಿಂಗಳ ಸಾಲಿನಲ್ಲಿದೆ.

ಈಗ ಲೋಟದ ವಿಚಾರ. ಇಲ್ಲಿ ಹೆಚ್ಚಿನವರು ಎಡವುವ ಒಂದು ಸಂಗತಿಯಿದೆ. ಚೆಲ್ಲೀತೆಂಬ ಭಯಕ್ಕೆ ದೊಡ್ಡ ಲೋಟದ ತಳದಲ್ಲಿ ಎರಡು ಚಮಚ ನೀರು ಹಾಕಿ ಕೊಡುತ್ತಾರೆ. ಆ ನೀರು ಅಂಚಿಗೆ ಬರಬೇಕಾದರೆ ಲೋಟವನ್ನು ಬಹುತೇಕ ಅಡ್ಡ ಮಲಗಿಸಬೇಕು. ಆಗ ಲೋಟದ ಎದುರಂಚು ಮಗುವಿನ ಮೂಗಿಗೆ ತಗಲುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ತಲೆ ಹಿಂದಕ್ಕೆ ವಾಲಿದಾಗ ಶ್ವಾಸನಾಳದ ಹಾದಿ ತೆರೆದುಕೊಳ್ಳುವುದರಿಂದ, ಅದನ್ನು ಕಾಪಾಡಿಕೊಳ್ಳುವುದು ಕಷ್ಟವಾಗುತ್ತದೆ. ಇಷ್ಟೆಲ್ಲ ಆಗುವಾಗ ತಳದ ನೀರು ಒಮ್ಮೆಲೇ ಜಾರಿ ಬಂದು ಮುಖಕ್ಕೆ ಅಪ್ಪಳಿಸುತ್ತದೆ. ಇದಕ್ಕೆ ಬದಲು 50ರಿಂದ 60 ಮಿ.ಲೀ. ಹಿಡಿಯುವ ಪುಟ್ಟ ಲೋಟ ತೆಗೆದುಕೊಂಡು ಮುಕ್ಕಾಲಿಗಿಂತ ಮೇಲೆಯೇ ತುಂಬಿಸಿ. ತುಂಬಿದ ಲೋಟವನ್ನು ಕೂದಲೆಳೆಯಷ್ಟು ಬಾಗಿಸಿದರೂ ನೀರು ತುಟಿಗೆ ಮುಟ್ಟುತ್ತದೆ, ಕತ್ತು ನೆಟ್ಟಗೇ ಉಳಿಯುತ್ತದೆ. ಮಗು ನಾಲ್ಕಾರು ಗುಟುಕು ಕುಡಿದು ಮಟ್ಟ ಇಳಿದಂತೆಲ್ಲ ಮತ್ತೆ ತುಂಬಿಸುತ್ತಿರಿ. ಬಾಯಿಯ ಅಗಲಕ್ಕಿಂತ ತೀರಾ ಅಗಲವಲ್ಲದ, ಅಂಚು ಚೂಪಾಗಿರದ ಯಾವ ಲೋಟವಾದರೂ ಆದೀತು. ಮೂಗಿನ ಜಾಗದಲ್ಲಿ ಕತ್ತರಿಸಿದಂತೆ ಬಾಗಿದ ಅಂಚಿರುವ ಲೋಟಗಳೂ ಸಿಗುತ್ತವೆ. ಕತ್ತಿನ ಹಿಡಿತ ಕಡಿಮೆಯಿರುವ ಮಕ್ಕಳಿಗೆ ಅವು ನಿಜವಾಗಿ ಉಪಯುಕ್ತ, ನಿಮ್ಮ ಮಗಳಿಗೆ ಅವಶ್ಯವಿಲ್ಲ.

ಕೂರಿಸುವಾಗ ಬೆನ್ನು ನೆಟ್ಟಗಿರಬೇಕು, ಪಾದಗಳು ಜೋತಾಡದೆ ಯಾವುದರ ಮೇಲಾದರೂ ಊರಿರಬೇಕು. ಕಾಲಿಗೆ ಆಸರೆ ಇಲ್ಲದ ಮಗು ತನ್ನ ಶಕ್ತಿಯನ್ನೆಲ್ಲ ಬೀಳದಂತೆ ಕೂರುವುದಕ್ಕೇ ಖರ್ಚು ಮಾಡುತ್ತದೆ. ನೀವು ಪಕ್ಕದಲ್ಲಿ ನಿಲ್ಲದೆ ಎದುರಿಗೆ, ಅವಳ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಮೇಲಿನಿಂದ ಲೋಟ ಬಂದರೆ ಮಗು ಕತ್ತೆತ್ತಿ ನೋಡುತ್ತದೆ, ಆಗ ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ.

ಇನ್ನು ಆ ಗುಟುಕು. ಮೊದಲು ನೀವು ನಿಮ್ಮ ಲೋಟದಿಂದ ಒಂದು ಗುಟುಕು ಕುಡಿದು ತೋರಿಸಿ. ಮಕ್ಕಳು ಬಾಯಿಯ ಕೆಲಸಗಳನ್ನು ಕಣ್ಣಿನಿಂದ ಕಲಿಯುತ್ತಾರೆ. ಅವಳ ಲೋಟವನ್ನು ಅವಳಿಗೆ ಕಾಣುವಂತೆ ಎದೆಯ ಎತ್ತರದಿಂದ ತಂದು, ಬಾಯಿ ತೆರೆಯುವವರೆಗೆ ಒಂದು ಬೆರಳು ದೂರದಲ್ಲಿ ನಿಲ್ಲಿಸಿ. ಬಾಯಿ ತೆರೆದಾಗ ಅಂಚನ್ನು ಕೆಳದುಟಿಯ ಮೇಲೆ ಹಗುರವಾಗಿ ಊರಿ, ಹಲ್ಲು ಅಥವಾ ಒಸಡಿನ ನಡುವೆ ತೂರಿಸಬೇಡಿ. ನೀರು ಮೇಲ್ದುಟಿಯನ್ನು ತಾಕುವಷ್ಟು ಬಾಗಿಸಿ, ಅಲ್ಲಿಗೆ ಕೈ ನಿಲ್ಲಿಸಿಬಿಡಿ. ಇಲ್ಲಿ ಕಾಯುವುದೇ ಕೆಲಸ. ಎರಡು ಕ್ಷಣ, ಮೂರು ಕ್ಷಣ ಏನೂ ಆಗುವುದಿಲ್ಲ. ನಿಮ್ಮ ಕೈ ಇನ್ನೂ ಸ್ವಲ್ಪ ಬಾಗಿಸಲು ತುಡಿಯುತ್ತದೆ, ತಡೆದುಕೊಳ್ಳಿ. ಆಮೇಲೆ ಮೇಲ್ದುಟಿ ಮುಂದೆ ಬಂದು ನೀರಿನ ಮೇಲೆ ಇಳಿಯುವುದು ನಿಮಗೇ ಕಾಣಿಸುತ್ತದೆ, ಚುಟುಕಾದ ಒಂದು ‘ಸುರ್’ ಸದ್ದು ಕೇಳಿಸುತ್ತದೆ. ಒಂದು ಗುಟುಕಾದ ಕೂಡಲೇ ಲೋಟವನ್ನು ನೆಟ್ಟಗೆ ಮಾಡಿ ಕೆಳಗಿಳಿಸಿ, ಅವಳು ನುಂಗಿ ಒಮ್ಮೆ ಉಸಿರಾಡಲಿ. ಮತ್ತೆ ಬಾಯಿ ಮುಂದೆ ತಂದರೆ ಮತ್ತೆ ಕೊಡಿ. ಎರಡು ಮೂರು ಗುಟುಕುಗಳನ್ನು ಬೆನ್ನುಬೆನ್ನಿಗೆ ಕುಡಿಯುವ ಹದ ಬರಲು ಇನ್ನೂ ತಿಂಗಳುಗಳು ಬೇಕು.

ಅವಳ ಕೈಗಳೂ ಲೋಟದ ಮೇಲಿರಲಿ, ನಿಮ್ಮ ಕೈ ಹೊರಗಿನಿಂದ ಆಸರೆಯಾಗಿರಲಿ. ಅವಳು ಎಳೆದರೆ ಬರಲಿ, ತಳ್ಳಿದರೆ ಹೋಗಲಿ. ಇಷ್ಟನ್ನು ಹಸಿವೆಯಿಂದ ಅಳುವಾಗಲೋ ನಿದ್ದೆಗಣ್ಣಿನಲ್ಲೋ ಮಾಡಬೇಡಿ. ಊಟದ ನಡುವೆ, ಒಂದೆರಡು ತುತ್ತು ಒಳಗೆ ಹೋದ ಮೇಲೆ ಒಳ್ಳೆಯ ಸಮಯ. ಹೊತ್ತಿಗೆ ಐದಾರು ಗುಟುಕು, ದಿನಕ್ಕೆ ಎರಡು ಮೂರು ಹೊತ್ತು. ನೆನೆಯುವುದಂತೂ ನೆನೆಯುತ್ತಾಳೆ, ಜೊಲ್ಲುಬಟ್ಟೆ ಕಟ್ಟಿ ಆ ಯೋಚನೆ ಬಿಟ್ಟುಬಿಡಿ.

ಲೋಟದಲ್ಲಿ ಏನು ಹಾಕಬೇಕು? ನೀರೇ ಆಗಬೇಕೆಂದಿಲ್ಲ. ಅವಳು ಈಗಾಗಲೇ ತಿನ್ನುವ ಹಣ್ಣಿನ ತಿರುಳನ್ನೋ ಮೊಸರನ್ನೋ ಸುರಿಯುವಷ್ಟು ಸಡಿಲ ಮಾಡಿ ಕೊಟ್ಟರೆ, ಅದು ನಿಧಾನವಾಗಿ ಹರಿಯುವುದರಿಂದ ತುಟಿಗೂ ನಾಲಿಗೆಗೂ ಸಮಯ ಸಿಗುತ್ತದೆ. ಕೆಮ್ಮುವ ಮಕ್ಕಳಿಗೆ ನಾನು ಇಲ್ಲಿಂದಲೇ ಶುರುಮಾಡಿಸಿ, ವಾರ ಹತ್ತು ದಿನಗಳಲ್ಲಿ ತೆಳುವಾಗಿಸುತ್ತಾ ನೀರಿಗೆ ಬರುತ್ತೇನೆ. ಅಂಗಡಿಯಲ್ಲಿ ಸಿಗುವ ದ್ರವ ಗಟ್ಟಿಮಾಡುವ ಪುಡಿಗಳನ್ನು ಮಾತ್ರ ವೈದ್ಯರು ಹೇಳದೆ ಬಳಸಬಾರದು. ಎದೆಹಾಲನ್ನೂ ಫಾರ್ಮುಲಾ ಹಾಲನ್ನೂ ಲೋಟದಲ್ಲಿ ಕೊಡಬಹುದು, ಪರಿಚಿತ ರುಚಿಯೆಂದು ಕೆಲವು ಮಕ್ಕಳು ಅದನ್ನೇ ಮೊದಲು ಒಪ್ಪುತ್ತಾರೆ. ಕುಡಿಯಲು ಶುರುಮಾಡಿ ಉಳಿದ ಫಾರ್ಮುಲಾವನ್ನು ಒಂದು ಗಂಟೆಯೊಳಗೆ ಚೆಲ್ಲಬೇಕು, ಮುಂದಿನ ಹೊತ್ತಿಗೆ ಎತ್ತಿಡಬಾರದು. 6ರಿಂದ 12 ತಿಂಗಳ ಮಗುವಿಗೆ ದಿನವಿಡೀ ಸೇರಿ 120ರಿಂದ 240 ಮಿ.ಲೀ. ನೀರು ಸಾಕು. ಅದಕ್ಕಿಂತ ಹೆಚ್ಚು ನೀರು ಹೊಟ್ಟೆ ತುಂಬಿಸಿ ಹಾಲಿನ ಪಾಲನ್ನು ಕಡಿಮೆ ಮಾಡುತ್ತದೆ, ಈ ವಯಸ್ಸಿನಲ್ಲಿ ಪೋಷಣೆಯ ದೊಡ್ಡ ಪಾಲು ಇನ್ನೂ ಹಾಲಿನದೇ. ಹಣ್ಣಿನ ರಸ ಒಂದು ವರ್ಷದವರೆಗೆ ಬೇಡ. ಜೇನು ಬೆರೆಸಿದ ನೀರು ಖಂಡಿತ ಬೇಡ, ಒಂದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತಗಲಬಹುದು.

ಕೆಮ್ಮಿನ ಬಗ್ಗೆ ಇನ್ನೊಂದು ಮಾತು. ಒಮ್ಮೆ ಕೆಮ್ಮಿ, ಮುಖ ಕಿವುಚಿ, ಮತ್ತೆ ಲೋಟಕ್ಕೆ ಕೈ ಚಾಚುವ ಮಗುವಿನ ಕೆಮ್ಮು ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ, ದಾರಿ ತಪ್ಪಿದ ಹನಿಯನ್ನು ಹೊರಹಾಕಿದೆ. ಆಗ ಲೋಟ ಕೆಳಗಿಟ್ಟು, ಅವಳನ್ನು ತುಸು ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ. ಇನ್ನೂ ನೀರು ಕುಡಿಸಿ ಕೆಮ್ಮು ಇಳಿಸಲು ಹೋಗಬೇಡಿ. ಬೇರೆ ಕೆಲವು ಲಕ್ಷಣಗಳಿವೆ, ಅವು ಕಂಡರೆ ಮನೆಯಲ್ಲಿ ಪ್ರಯೋಗ ಮುಂದುವರಿಸದೆ ಮಕ್ಕಳ ವೈದ್ಯರನ್ನು ಕಾಣಬೇಕು: ಲೋಟ, ಬಾಟಲಿ, ಚಮಚ ಯಾವುದರಲ್ಲಿ ಕೊಟ್ಟರೂ ಪ್ರತಿ ಸಲ ಕೆಮ್ಮುವುದು, ಕುಡಿದ ಮೇಲೆ ಉಸಿರಿನಲ್ಲೋ ದನಿಯಲ್ಲೋ ಗೊರಗೊರ ಎಂಬ ಒದ್ದೆ ಸದ್ದು ಉಳಿಯುವುದು, ಕುಡಿದದ್ದು ಮತ್ತೆ ಮತ್ತೆ ಮೂಗಿನಿಂದ ಬರುವುದು, ಎದೆಯ ಸೋಂಕು ಪದೇಪದೇ ಮರುಕಳಿಸುವುದು, ತೂಕ ಏರದಿರುವುದು. ಕುಡಿಯುವಾಗ ತುಟಿ ನೀಲಿಗಟ್ಟಿದರೆ ಅಥವಾ ಉಸಿರು ನಿಂತಂತಾದರೆ ಅದು ತುರ್ತು ಪರಿಸ್ಥಿತಿ, ತಡಮಾಡುವಂತಿಲ್ಲ.

ಸಿಪ್ಪರ್ ಕುರಿತ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ತುಸು ನಿಷ್ಠುರವಾದದ್ದು. ವಾಲ್ವ್ ಇರುವ ಸಿಪ್ಪರ್ ನೆಲವನ್ನು ಒಣಗಿಸಿಡುತ್ತದೆ, ಮಗುವಿಗೆ ಲೋಟವನ್ನು ಕಲಿಸುವುದಿಲ್ಲ. ಬಲವಾಗಿ ಚೀಪಿದರೆ ಮಾತ್ರ ಅದರಿಂದ ನೀರು ಬರುವುದಾದ್ದರಿಂದ, ಅದು ಗಟ್ಟಿ ಮೂತಿಯ ಬಾಟಲಿಯೇ. ನಿಮ್ಮ ಮಗಳು ಅದನ್ನು ಬಾಟಲಿಯಂತೆ ಚೀಪುತ್ತಿರುವುದು ತಪ್ಪಲ್ಲ, ಅವಳು ಆ ವಸ್ತುವನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದಾಳೆ. ಪ್ರಯಾಣದಲ್ಲಿ ಬಳಸಿ, ಮನೆಯಲ್ಲಿ ಊಟದ ಹೊತ್ತಿಗೆ ಬೇಡ. ಬಳಸಿದರೆ ವಾಲ್ವನ್ನು ಬಿಚ್ಚಿ ಬೇರೆಯಾಗಿ ತೊಳೆದು ಒಣಗಿಸಿ, ಅದರ ಸಂದಿಯಲ್ಲಿ ಹಾಲಿನ ಪಸೆ ನಿಂತು ಬೂಷ್ಟು ಕಟ್ಟುವುದು ಸಾಮಾನ್ಯ. ಮೂತಿಯನ್ನು ಬಾಯಲ್ಲಿಟ್ಟುಕೊಂಡು ಮಗು ತೆವಳಲು, ನಡೆಯಲು ಬಿಡಬಾರದು, ಬಿದ್ದರೆ ಬಾಯಿಗೆ ಪೆಟ್ಟಾಗುತ್ತದೆ.

ಚೆಲ್ಲುವುದೇ ದೊಡ್ಡ ರಗಳೆಯಾದರೆ ಸಿಪ್ಪರ್‌ಗಿಂತ ಸ್ಟ್ರಾ ಮೇಲು. ಒಂಬತ್ತು ತಿಂಗಳ ಮಗುವಿಗೆ ಅದನ್ನು ಕಲಿಸುವ ಉಪಾಯ ಸುಲಭವಾಗಿದೆ. ಸ್ಟ್ರಾವನ್ನು ನೀರಿನಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಂದಿಷ್ಟು ನೀರು ಒಳಗೇ ನಿಲ್ಲುತ್ತದೆ. ಕೆಳತುದಿಯನ್ನು ಅವಳ ತುಟಿಗಳ ನಡುವೆ ಇಟ್ಟು, ತುಟಿ ಮುಚ್ಚಿದಾಗ ಬೆರಳು ಸಡಿಲಿಸಿ. ನಾಲ್ಕೈದು ಸಲ ಹೀಗೆ ಸಿಕ್ಕ ಮೇಲೆ ಬೆರಳು ತೆಗೆಯುವುದರೊಳಗೇ ಅವಳು ಎಳೆಯಲು ಶುರುಮಾಡುತ್ತಾಳೆ, ಆಗ ಸ್ಟ್ರಾವನ್ನು ಲೋಟದಲ್ಲೇ ಇಟ್ಟು ಕೊಡಿ. ತುದಿ ತುಟಿಯಿಂದ ಸ್ವಲ್ಪವೇ ಒಳಗಿರಲಿ. ನಾಲಿಗೆಯ ನಡುವಿನವರೆಗೆ ಹೋದರೆ ಅವಳು ಅದನ್ನೂ ಚೀಪುತ್ತಾಳೆ.

ಬಾಟಲಿ ಬಿಡಿಸಲು ಈಗಲೇ ಅವಸರ ಬೇಡ. ಒಂದು ವರ್ಷದ ಹೊತ್ತಿಗೆ ಶುರುಮಾಡಿ 18 ತಿಂಗಳೊಳಗೆ ಮುಗಿಸುವುದು ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಕ್ರಮ. ಆಮೇಲೆ ಮಗುವಿಗೆ ಬಾಟಲಿ ಹಸಿವಿನ ವಸ್ತುವಾಗಿ ಉಳಿಯದೆ ಸಮಾಧಾನದ ವಸ್ತುವಾಗಿಬಿಡುತ್ತದೆ, ಬಿಡಿಸುವುದು ದುಪ್ಪಟ್ಟು ಕಷ್ಟ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸವಿದ್ದರೆ ಅದನ್ನು ಮಾತ್ರ ಇಂದಿನಿಂದಲೇ ತಪ್ಪಿಸಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾಲಿನ ಸಕ್ಕರೆ ಹಲ್ಲಿನ ಮೇಲೆಯೇ ಉಳಿದು, ಹೊಸದಾಗಿ ಮೂಡಿದ ಮುಂದಿನ ಮೇಲ್ಹಲ್ಲುಗಳು ಹುಳುಕಾಗುತ್ತವೆ. ಬಿಡಿಸುವಾಗ ಮಧ್ಯಾಹ್ನದ ಬಾಟಲಿಯಿಂದ ಶುರುಮಾಡಿ. ಆ ಹೊತ್ತಿಗೆ ಮಗು ಎಚ್ಚರವಾಗಿ, ಗೆಲುವಾಗಿ ಇರುತ್ತದೆ, ಊಟವೂ ಜೊತೆಗಿರುತ್ತದೆ. ಐದಾರು ದಿನ ಅದು ನೆಲೆಗೊಂಡ ಮೇಲೆ ಬೆಳಗಿನದು, ರಾತ್ರಿಯದು ಎಲ್ಲಕ್ಕಿಂತ ಕೊನೆಗೆ.

ಲೋಟಕ್ಕೆ ಬಂದಾಗ ಮಗು ಕುಡಿಯುವ ಹಾಲು ಮೊದಮೊದಲು ಕಡಿಮೆಯಾಗುತ್ತದೆ. ಇದಕ್ಕೆ ಗಾಬರಿಯಾಗಿ ಹೆಚ್ಚಿನವರು ಬಾಟಲಿಗೆ ಮರಳುತ್ತಾರೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹಾಲು ಸಾಕು, 700 ಮಿ.ಲೀ. ಮೀರಿ ಹಾಲು ಕುಡಿಯುವ ಮಗು ಊಟ ಬಿಡುತ್ತದೆ, ಅದರಿಂದ ಕಬ್ಬಿಣಾಂಶದ ಕೊರತೆಯೂ ಬರಬಹುದು. ಆದರೆ ಒಂದು ವರ್ಷಕ್ಕೆ ಮುಂಚೆ, ಎಂದರೆ ನಿಮ್ಮ ಮಗಳ ಈಗಿನ ವಯಸ್ಸಿನಲ್ಲಿ, ಲೋಟ ಕಲಿಸುವ ನೆಪದಲ್ಲಿ ಎದೆಹಾಲನ್ನಾಗಲಿ ಫಾರ್ಮುಲಾವನ್ನಾಗಲಿ ಕಡಿತಗೊಳಿಸಬಾರದು, ಅವುಗಳ ಬದಲಿಗೆ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಲೂಬಾರದು. ಮೂತ್ರ ಎಂದಿನಷ್ಟು ಸಲ ಹೋಗುತ್ತಿದ್ದು, ಬಾಯಿ ಒದ್ದೆಯಾಗಿದ್ದು, ಆಟವಾಡಿಕೊಂಡಿದ್ದರೆ ಒಳಗೆ ಹೋಗಬೇಕಾದಷ್ಟು ದ್ರವ ಹೋಗುತ್ತಿದೆ ಎಂದೇ ತಿಳಿಯಿರಿ.

ಮೇಲೆ ಹೇಳಿದಂತೆ ಪುಟ್ಟ ಲೋಟ ತುಂಬಿಸಿ, ಕೈ ನಿಲ್ಲಿಸಿ, ಎರಡು ಮೂರು ವಾರ ನೋಡಿ. ಅವಳು ಅವಧಿಗೆ ಮುನ್ನ ಹುಟ್ಟಿದವಳಾಗಿದ್ದರೆ ವಯಸ್ಸನ್ನು ಹುಟ್ಟಬೇಕಿದ್ದ ದಿನದಿಂದ ಲೆಕ್ಕಹಾಕಿಕೊಳ್ಳಿ. ಆಮೇಲೂ ಕೆಮ್ಮು ಕಡಿಮೆಯಾಗದಿದ್ದರೆ ವೈದ್ಯರ ಬಳಿಗೆ ಹೋಗುವ ಮೊದಲು ಒಂದು ಹೊತ್ತಿನ ಕುಡಿತವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ, ಏಕೆಂದರೆ ಹೊಸ ಜಾಗದಲ್ಲಿ, ಹೊಸ ಮುಖಗಳ ಮುಂದೆ ಮಕ್ಕಳು ಕುಡಿದು ತೋರಿಸುವುದು ಅಪರೂಪ. ಎದುರಿನಿಂದ ತೆಗೆದ ಚಿತ್ರಕ್ಕಿಂತ ಪಕ್ಕದಿಂದ ತೆಗೆದದ್ದು ನಮಗೆ ಹೆಚ್ಚು ಹೇಳುತ್ತದೆ. ಅವಳ ತಲೆ, ತುಟಿ, ಲೋಟ ಮಾತ್ರವಲ್ಲದೆ ಅದನ್ನು ಹಿಡಿದ ನಿಮ್ಮ ಮಣಿಕಟ್ಟೂ ಅದರಲ್ಲಿ ಕಾಣುವಂತಿರಲಿ.